ಕುಡಿಯದವನ ತೂರಾಟ

ನಮ್ಮ ಜನಕ್ಕ ಗಾಯ ಕಣ್ಣಿಗೆ ಕಂಡ್ರ ಅಷ್ಟ ಬ್ಯಾನಿ. ಕಾಣದಿದ್ರ ನಾಟಕ, ಇಲ್ಲಾ ನಶೆ. ಎಪ್ಪತ್ತರ ದಶಕದ ಕೊನೀಗೆ ನನ್ನ ಕಾಲು ತೂರ್ಯಾಡಾಕ ಹತ್ತಿದಾಗಿಂದ ಇದನ್ನ ಕೇಳಿ ಕೇಳಿ ಹೊಟ್ಟಿ ಉರದೈತಿ. ನಾನು ಕೊಲ್ಲಾಪುರದ ಬಾಜೂಕಿನ ಹುಪರಿಯೊಳಗ ಬೆಳ್ಳಿ ಕಾಲ್ಗೆಜ್ಜಿ ಮಾಡಾಂವ. ಕೊರಳಾಗ ತುಳಸಿಮಣಿ, ಹೆಂಡ ಮುಟ್ಟಿದಾಂವಲ್ಲ.

ಕಂಡಕ್ಟರ್

ನೇಸರಿ ಊರಿಗೆ, ತಂಗಿ ಮನಿಗೆ ಹೊಂಟಿದ್ದೆ. ಗಡಹಿಂಗ್ಲಜ ಸ್ಟ್ಯಾಂಡಿನಾಗ ಬಸ್ಸಿನ ಮೆಟ್ಟಲ ಮ್ಯಾಲ ಎಡಗಾಲು ಏಳಲಿಲ್ಲ, ಜೋಲಿ ಹೋತು. ಕಂಡಕ್ಟರ್ ಅಡ್ಡ ನಿಂತ.

"ಉತರಾ ಖಾಲೀ! ದಾರೂ ಪಿಊನ ಚಢಾಯಚ ನಾಹೀ!" ಕುಡದು ಹತ್ತಬ್ಯಾಡ, ಇಳಿ ಕೆಳಗ ಅಂತ.

ಸಿಟ್ಟು ನೆತ್ತಿಗೇರಿತು. "ಮೂಸಿ ನೋಡ್ರಿ!" ಅಂತ ಅವನ ಮಾರಿ ಮುಂದನ ಬಾಯಿ ತಗದೆ.

ಮೂಸಿದ. ತಿರುಗಿ ಡ್ರೈವರ್‌ಗೆ ಹೇಳಿದ: "ವಾಸನಿ ಇಲ್ಲಪಾ. ಭಾಳ ದುಬಾರಿ ಮಾಲ್ ಇರಬೇಕು!"

ಇಚಲಕರಂಜಿ ಡಾಕ್ಟರು

ಮುಂದ ಒಂದು ಕಣ್ಣು ಮಂಜಾತು. ಇಚಲಕರಂಜಿಯೊಳಗ ಒಬ್ಬ ಡಾಕ್ಟರು ನಾಡಿ ಹಿಡದು, ನನ್ನ ಮಾರಿ ಸೈತ ನೋಡದ ಹೇಳಿದ್ರು: "ಏನೂ ಇಲ್ಲ, ಮನಸಿಂದು. ಲಗ್ನ ಮಾಡ್ಕೋ, ಸರಿಹೋಗತೈತಿ."

"ಸಾಹೇಬ್ರ, ಲಗ್ನ ಆಗಿ ಹನ್ನೆರಡು ವರ್ಷ ಆತ್ರಿ!"

ಆವಾಗ ತಲಿ ಎತ್ತಿದ್ರು. "ಹಂಗಾರ ಅದಽ ಕಾರಣ."

ಎಂ.ಎಸ್.

ಕಡೀಕ ಕೊಲ್ಲಾಪುರದ ದೊಡ್ಡ ಡಾಕ್ಟರು ಬೆನ್ನಾಗಿನ ನೀರು ತಗದು ತಪಾಸ ಮಾಡಿಸಿ ಹೆಸರು ಹೇಳಿದ್ರು: ಮಲ್ಟಿಪಲ್ ಸ್ಕ್ಲೆರೋಸಿಸ್. ವೈರಿನ ಮ್ಯಾಲಿನ ರಬ್ಬರ್ ಸವದ್ರ ಕರೆಂಟು ಸರಿ ಹರಿಯಂಗಿಲ್ಲ ನೋಡ್ರಿ, ಹಂಗ ನರದ ಮ್ಯಾಲಿನ ಪೊರಿ ಸವದು ಹೋಗತೈತಂತ. ನಾ ಸುಳ್ಳ ಹೇಳಿಲ್ಲ ಅನ್ನೋದು ಖರೇ ಆತಲ್ಲ ಅಂತ ಅಲ್ಲೇ ಕಣ್ಣೀರು ಹಾಕಿದೆ.

ಹೆಸರು ಉದ್ದ ಆತಂತ ನನ್ನ ಹೆಂಡತಿ ಓಣ್ಯಾಗ ಮೊಟಕು ಮಾಡಿ ಹೇಳಿದ್ಲು: "ನಮ್ಮ ಮನಿಯವ್ರಿಗೆ ಎಂ.ಎಸ್. ಆಗೇತ್ರಿ."

ಮರುದಿನ ಎದುರುಮನಿ ಕಾಕಾ ಬಂದು, ಧೋತರ ಸರಿಸಿ, ತೊಡಿ ಮ್ಯಾಲಿನ ಕುರು ತೋರಿಸಿದ್ರು. "ಕೊಲ್ಲಾಪುರದ ಆಪರೇಶನ್ ಡಾಕ್ಟರ್ ಬೋರ್ಡಿನ ಮ್ಯಾಲೂ ಎಂ.ಎಸ್. ಅಂತಽ ಬರದಾರ. ನಿಂದೂ ಆಗೇತಂದ್ರ ಇದನ್ನಷ್ಟು ಕೊಯ್ದಬಿಡಪಾ."

ಎಲ್ಲಿತ್ತೋ ಸಿಟ್ಟು! ಇಡೀ ಓಣಿಗೆ ಕೇಳೂವಂಗ ಒದರಿದೆ: "ಡಿಗ್ರಿ ಅಲ್ಲ ಕಾಕಾ, ಬ್ಯಾನಿ! ಕುಡದು ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೂದಲ್ಲ, ಹಿಂದಿನ ಜನ್ಮದ ಪಾಪಾನೂ ಅಲ್ಲ! ಕಾಲಾಗ ಶಕ್ತಿ ಇರಂಗಿಲ್ಲ, ಕಣ್ಣು ಮಂಜಾಗತಾವ, ಬೆಳ್ಳಿ ಕರಗಿಸೋ ಭಟ್ಟಿ ಮುಂದ ಕುಂತ್ರ ಕೈಯಾನ ಚಿಮಟಾ ಜಾರತೈತಿ!"

ಕಾಕಾ ಪೂರಾ ಕೇಳಿದ್ರು. ಅವರ ಕಣ್ಣಾಗ ನೀರು ಬಂತು. ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು.

"ಇಷ್ಟು ತ್ರಾಸ ಕೊಡತೈತೇನಪಾ ಈ ಎಂ.ಎಸ್.? ಹಂಗಾರ ನನ್ನ ಮಗಳನ್ನ ಬಿ.ಎ.ಗೇ ನಿಲ್ಲಿಸ್ತೇನಿ!"