ಸಮಾನತೆಯ ಜೋಡಿ ಗಾಡಿ

ಈ ಮನೆಗೆ ಬರುವ ಮುಂದಿನ ಸಾಮಾನನ್ನು ನಾನೇ, ನಾನೊಬ್ಬಳೇ ಆರಿಸುತ್ತೇನೆ ಎಂದು ಘೋಷಿಸಿದಾಗ ನನ್ನ ಮಡಿಲಲ್ಲಿ ಹುಟ್ಟಿ ಇನ್ನೂ ತಿಂಗಳು ತುಂಬದ ಪಾಪು ಇದ್ದ. ಎರಡು ವರ್ಷದ ಗುಬ್ಬಿ ನನ್ನ ಜಡೆ ಹಿಡಿದು ಬೆನ್ನು ಹತ್ತುತ್ತಿದ್ದಳು. ಮೈಮೇಲೆ ಇಬ್ಬರನ್ನು ಹೊತ್ತುಕೊಂಡು ಘೋಷಣೆ ಹೊರಡಿಸಲು ಎಲ್ಲರಿಂದಲೂ ಆಗುವುದಿಲ್ಲ!

ಅಲ್ಲಿಯವರೆಗೆ ನಮ್ಮ ಮನೆಯ ಮಂಚ, ಪರದೆ, ಕುಕ್ಕರ್, ಕೊನೆಗೆ ಬಾಗಿಲ ಬಳಿಯ ಕಾಲೊರೆಸು ಕೂಡ ಅಕ್ಕನ ಆಯ್ಕೆ. ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು ಈಚೆಗಷ್ಟೇ ನಿವೃತ್ತರಾದವರು. ಹಾಸ್ಟೆಲ್ ಅವರನ್ನು ಬಿಟ್ಟಿತು, ಅವರು ಹಾಸ್ಟೆಲನ್ನು ಬಿಡಲಿಲ್ಲ. ತಮ್ಮನನ್ನು ಬೆಳೆಸಿದವರೂ ಅವರೇ. ಈಗಲೂ ಅಕ್ಕನ ಫೋನ್ ಬಂದರೆ ನನ್ನ ಗಂಡ ಎದ್ದುನಿಂತೇ ಮಾತಾಡುವುದು.

ಆ ದಿನ ಫೋನ್ ಬಂದದ್ದು ನನಗೆ. "ಎರಡು ಮಕ್ಕಳನ್ನ ಒಬ್ಬಳೇ ಹೇಗಮ್ಮ ಸಂಭಾಳಿಸ್ತೀಯ? ನೀನು ಹೊಸ್ತಿಲು ದಾಟಿ ಎಷ್ಟು ದಿನ ಆಯ್ತು? ಭಾನುವಾರ ಬರ್ತೀನಿ. ಖಾಲಿ ಸೂಟ್‌ಕೇಸ್ ತರ್ತೀನಿ. ಗುಬ್ಬಿ ಬಟ್ಟೆ ತುಂಬಿಕೊಂಡು, ಗುಬ್ಬೀನೂ ಕರ್ಕೊಂಡು ಹೋಗ್ತೀನಿ. ಪಾಪು ನಡೆಯೋ ಹಾಗಾಗ್ಲಿ, ವಾಪಸ್ ಕಳಿಸ್ತೀನಿ."

ಗುಬ್ಬಿ ನನ್ನ ಕಿವಿ ಹಿಡಿದುಕೊಳ್ಳದೆ ನಿದ್ದೆ ಮಾಡುವವಳಲ್ಲ. ಆ ಕಿವಿಯನ್ನು ಯಾವ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಲಿ?

"ರೀ, ನೀವಾದ್ರೂ ಬೇಡ ಅನ್ನಿ."

"ಅಕ್ಕ ಹೇಳೋದ್ರಲ್ಲೂ ತೂಕ ಇದೆ ಕಣೇ."

ನನ್ನ ಗಂಡನಿಗೆ ಎಲ್ಲದರಲ್ಲೂ ತೂಕವೇ ಕಾಣುವುದು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಊರಿನ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಪಾಪು ಹುಟ್ಟಿದಾಗ ಎಲ್ಲ ಅಪ್ಪಂದಿರೂ ಮಗುವಿನ ಮುಖ ನೋಡಿದರೆ, ಇವರು ಆಸ್ಪತ್ರೆಯ ತಕ್ಕಡಿಯ ಹಿಂದೆ ಬಗ್ಗಿ ಮುದ್ರೆಯ ತಾರೀಖು ನೋಡಿದವರು!

ಹಾಗಾಗಿ ಇಬ್ಬರನ್ನೂ ಕೂರಿಸಿಕೊಂಡು ನಾನೊಬ್ಬಳೇ ತಳ್ಳಬಲ್ಲ ಜೋಡಿ ಗಾಡಿಯೊಂದೇ ನನ್ನ ಮುಂದಿದ್ದ ದಾರಿ. ಭಾನುವಾರ ಬಸ್‌ಸ್ಟಾಪಿಗೆ ಗಾಡಿ ತಳ್ಳಿಕೊಂಡು ಹೋಗಿ ಅಕ್ಕನನ್ನು ಸ್ವಾಗತಿಸಬೇಕು. ಅವರು ಖಾಲಿ ಸೂಟ್‌ಕೇಸನ್ನು ಖಾಲಿಯಾಗಿಯೇ ಒಯ್ಯಬೇಕು!

ಅಂಗಡಿಯಲ್ಲಿ ಎರಡು ಜಾತಿಯ ಗಾಡಿಗಳಿದ್ದವು. ಒಂದರಲ್ಲಿ ಮಕ್ಕಳು ಹಿಂದೆ ಮುಂದೆ ಕೂರುತ್ತಾರೆ, ಇನ್ನೊಂದರಲ್ಲಿ ಅಕ್ಕಪಕ್ಕ. ಮಾರಾಟದವನು ಹಿಂದೆ ಮುಂದಿನದನ್ನು ಹೊಗಳತೊಡಗಿದ. "ಇದು ಗಾಡಿ ಅಲ್ಲ ಮೇಡಂ, ಜೀವನಶೈಲಿ."

"ಹಿಂದೆ ಕೂತ ಮಗುವಿಗೆ ಏನು ಕಾಣುತ್ತೆ?"

"ಮುಂದಿನ ಸೀಟಿನ ಬೆನ್ನು, ಮೇಡಂ."

"ಹುಟ್ಟಿದ ತಿಂಗಳಿಗೇ ಎರಡನೇ ದರ್ಜೆ ಪ್ರಜೆ ಮಾಡ್ತೀರಾ ನನ್ನ ಮಗನನ್ನ?"

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಹೆರಿಗೆ ರಜೆಯಲ್ಲಿದ್ದೆ ನಿಜ, ಸಿದ್ಧಾಂತಕ್ಕೆ ರಜೆ ಇರಲಿಲ್ಲ. ಅಕ್ಕಪಕ್ಕ ಕೂರುವುದೇ ಸಮಾನತೆ! ಮಾರಾಟದವನು ಅಕ್ಕಪಕ್ಕದ ಗಾಡಿಯಲ್ಲಿ ಎರಡು ಗೊಂಬೆ ಕೂರಿಸಿ ಬೆರಳ ತುದಿಯಿಂದ ತಳ್ಳಿದ. ಅದು ಮದುಮಗಳ ಹಾಗೆ ನಯವಾಗಿ, ನೇರವಾಗಿ ನಡೆಯಿತು. ಗೊಂಬೆಗಳು ಒಂದೇ ಅಚ್ಚಿನವು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಮೂಲೆಯಲ್ಲಿ ಮಕ್ಕಳ ತಕ್ಕಡಿಯೊಂದನ್ನು ಮಗುಚಿ ಹಾಕಿಕೊಂಡು ಮುದ್ರೆ ಹುಡುಕುತ್ತಿದ್ದರು.

ಮನೆಗೆ ಬಂದು ಎಡಗಡೆ ಗುಬ್ಬಿಯನ್ನು ಕೂರಿಸಿದೆ, ಬಲಗಡೆ ಪಾಪುವನ್ನು ಮಲಗಿಸಿದೆ. ತಳ್ಳಿದೆ. ಗಾಡಿ ಎಡಕ್ಕೆ ತಿರುಗಿತು. ಬಲಕ್ಕೆ ಎಳೆದು ಮತ್ತೆ ತಳ್ಳಿದೆ. ಮತ್ತೆ ಎಡಕ್ಕೆ! ಎಡಪಂಥದ ಮೇಲೆ ಎಷ್ಟೋ ಪಾಠ ಮಾಡಿದ್ದೇನೆ, ಇಷ್ಟು ನಿಷ್ಠೆಯ ಎಡಪಂಥೀಯರನ್ನು ಕಂಡಿರಲಿಲ್ಲ. ಹಾಲ್‌ನಲ್ಲಿ ಒಂದು ಪೂರ್ತಿ ಸುತ್ತು ಹಾಕಿ ಗಾಡಿ ಫ್ರಿಜ್ಜಿಗೆ ಗುದ್ದಿತು. ಗುಬ್ಬಿ "ಇನ್ನೊಂದ್ಸಲ!" ಎಂದು ಚಪ್ಪಾಳೆ ತಟ್ಟಿದಳು.

ಗಂಡ ನೆಲಕ್ಕೆ ಕೆನ್ನೆ ಒತ್ತಿ ಚಕ್ರಗಳನ್ನು ನೋಡಿದರು. "ಗಾಡಿ ತಪ್ಪಲ್ಲ. ಗುಬ್ಬಿ ಎಲ್ಲಿ, ಪಾಪು ಎಲ್ಲಿ? ಒಂದು ತಟ್ಟೇಲಿ ಕುಂಬಳಕಾಯಿ, ಇನ್ನೊಂದು ತಟ್ಟೇಲಿ ನಿಂಬೆಹಣ್ಣು ಇಟ್ರೆ ಮುಳ್ಳು ಮಧ್ಯ ನಿಲ್ಲುತ್ತಾ?"

"ನನ್ನ ಮಗ ನಿಂಬೆಹಣ್ಣಾ?"

"ಸದ್ಯಕ್ಕೆ."

"ಹಾಗಾದ್ರೆ ಇನ್ನೊಂದು ಗಾಡಿಗೆ ಬದಲಾಯಿಸಿಕೊಂಡು ಬರೋಣ," ಎನ್ನಲು ಬಾಯಿ ತೆರೆದೆ. ಘೋಷಣೆ ನೆನಪಾಯಿತು. ಬಾಯಿ ಮುಚ್ಚಿದೆ.

ಇನ್ಸ್‌ಪೆಕ್ಟರ್ ಸುಮ್ಮನೆ ಕೂರುವವರಲ್ಲ. ಮಲಗುವ ಕೋಣೆಯ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನು ಹೊತ್ತು ತಂದರು. ಗುಬ್ಬಿಯನ್ನು ತೂಗಿ, ಪಾಪುವನ್ನು ತೂಗಿ, ಒಂದರಲ್ಲಿ ಇನ್ನೊಂದನ್ನು ಕಳೆದು, ಉಳಿದಷ್ಟು ಕಬ್ಬಿಣವನ್ನು ಪಾಪುವಿನ ಸೀಟಿನ ಕೆಳಗಿನ ಬುಟ್ಟಿಗೆ ಹಗ್ಗದಿಂದ ಬಿಗಿದರು. ತಳ್ಳಿದೆ. ಗಾಡಿ ಹಿಡಿದ ದಾರಿ ಬಿಡದೆ ಅಡುಗೆಮನೆಯವರೆಗೆ ಹೋಯಿತು!

"ಸ್ವಲ್ಪ ಭಾರ ಆಯ್ತಲ್ವಾ?" ಎಂದೆ, ಏದುಸಿರು ಬಿಡುತ್ತಾ.

"ನ್ಯಾಯ ಯಾವಾಗ್ಲೂ ಭಾರಾನೇ," ಎಂದರು ಇಲಾಖೆಯ ಗಾಂಭೀರ್ಯದಲ್ಲಿ.

ಭಾನುವಾರ ಬೆಳಿಗ್ಗೆ ಬೀದಿಗಿಳಿದೆ. ಗಂಡ ಅಪರಿಚಿತರ ಹಾಗೆ ದೂರದಲ್ಲಿ ಹಿಂಬಾಲಿಸಿದರು. ಎಷ್ಟೋ ದಿನಗಳ ಮೇಲೆ ಮುಖಕ್ಕೆ ಬಿಸಿಲು ತಾಗಿತು. ಗೋಡೆಗಳೇ ಇಲ್ಲದ ಗಾಳಿ ಹೇಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಗುಬ್ಬಿ ಕೈ ಚಾಚಿ ತಮ್ಮನ ಕಾಲ್ಬೆರಳು ಹಿಡಿದುಕೊಂಡಳು. ಹುಟ್ಟಿದಂದಿನಿಂದ ಅವನನ್ನು "ಅದು" ಎನ್ನುತ್ತಿದ್ದವಳು! ಹಿಂದೆ ಮುಂದಿನ ಗಾಡಿಯಲ್ಲಿ ಇದು ಆಗುತ್ತಿತ್ತೇ? ನನ್ನ ಎದೆ ಗಾಡಿಗಿಂತ ಅಗಲವಾಯಿತು. ಅಂಗಡಿ ಬಾಗಿಲಲ್ಲಿ ನಿಂತಿದ್ದ ದರ್ಜಿ ಕನ್ನಡಕ ಮೇಲೆತ್ತಿ, "ರಥ ಜೋರಾಗಿದೆ ಮೇಡಂ!" ಎಂದ.

ಬಸ್ ಬಂತು. ಅಕ್ಕ ಇಳಿದರು. "ಅತ್ತೇ!" ಎಂದು ಗುಬ್ಬಿ ಕೂಗಿದಳು. ಬೆಲ್ಟಿನ ಗುಂಡಿಯನ್ನು ಅವಳು ಯಾವಾಗ ಕಲಿತಳೋ, ಟಕ್ಕೆಂದು ಬಿಚ್ಚಿ ನೆಲಕ್ಕೆ ಹಾರಿಯೇಬಿಟ್ಟಳು.

ಈಗ ನೋಡಿ, ಎಡಗಡೆ ಖಾಲಿ ಗಾಳಿ. ಬಲಗಡೆ ಪಾಪು ಮತ್ತು ಸಮಾನತೆಯ ಅಷ್ಟೂ ಕಬ್ಬಿಣ!

ಗಾಡಿ ಬಲಕ್ಕೆ ತಿರುಗಿತು. ನಾನು ಹಿಡಿ ಬಿಡಲಿಲ್ಲ, ಅದೂ ನನ್ನನ್ನು ಬಿಡಲಿಲ್ಲ. ಬಸ್‌ಸ್ಟಾಪಿನ ಕಂಬಕ್ಕೆ ಒಂದು ಪ್ರದಕ್ಷಿಣೆ ಹಾಕಿದೆವು. ಬೆಂಚಿನ ಮೇಲೆ ಕೂತಿದ್ದವರು ಕಾಲು ಮೇಲೆತ್ತಿಕೊಂಡರು. ಹಣ್ಣಿನವನು ಕಿತ್ತಳೆ ಬುಟ್ಟಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡ. ಪಾಪು ಮಾತ್ರ ಗಾಢ ನಿದ್ದೆಯಲ್ಲಿದ್ದ.

"ನಿಲ್ಲು!"

ಹಾಸ್ಟೆಲನ್ನು ಅಷ್ಟು ವರ್ಷ ಆಳಿದ ದನಿ ಅದು. ನಾನು ನಿಂತೆ. ಬೆಂಚಿನವರು ಎದ್ದು ನಿಂತರು. ಹೊರಟಿದ್ದ ಬಸ್ಸೂ ಬ್ರೇಕ್ ಹಾಕಿತು! ಅಕ್ಕ ಗಾಡಿಯ ಚಕ್ರಕ್ಕೆ ಚಪ್ಪಲಿಯ ತುದಿ ಕೊಟ್ಟು, ಬಗ್ಗಿ ಬುಟ್ಟಿಯೊಳಗೆ ಇಣುಕಿದರು.

"ಏನಮ್ಮ ಇದು? ಹಸುಗೂಸಿನ ಕೆಳಗೆ ಕಬ್ಬಿಣ?"

"ಸಮಾನತೆ, ಅಕ್ಕ."

ಅಕ್ಕ ನೆಟ್ಟಗೆ ನಿಂತು ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು. ನನಗೆ ಕಂಡದ್ದು ಅವರ ಕೈಯಲ್ಲಿದ್ದ ಸೂಟ್‌ಕೇಸ್ ಒಂದೇ. ಅದರೊಳಗೆ ಮಡಿಸಿ ಇಟ್ಟ ಗುಬ್ಬಿಯ ಪುಟ್ಟ ಫ್ರಾಕುಗಳು ಆಗಲೇ ಕಣ್ಣಿಗೆ ಕಟ್ಟಿದವು. ಕಿವಿ ತಣ್ಣಗಾಯಿತು.

ಗುಬ್ಬಿಯೋ, ಇನ್ನು ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳು. ಅವಳಿಲ್ಲದೆ ಗಾಡಿ ನೇರ ಹೋಗುವುದಿಲ್ಲ. ಆಗ ಕಂಬದ ಮರೆಯಿಂದ ಇನ್ಸ್‌ಪೆಕ್ಟರ್ ಪ್ರತ್ಯಕ್ಷರಾದರು.

"ಅಕ್ಕ, ಆ ಸೂಟ್‌ಕೇಸ್ ಕೊಡಿ." ಎತ್ತಿ, ಕಣ್ಣು ಮುಚ್ಚಿ ಅಂದಾಜು ಮಾಡಿದರು. ಮುಖ ಅರಳಿತು. "ಗುಬ್ಬಿಯಷ್ಟೇ ಇದೆ! ಒಂದು ಹಿಡಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ!"

ಗುಬ್ಬಿಯ ಸೀಟಿನಲ್ಲಿ ಸೂಟ್‌ಕೇಸ್ ಕೂರಿಸಿ ಬೆಲ್ಟ್ ಹಾಕಿದರು. ತಳ್ಳಿದೆ. ಏನು ಹೇಳಲಿ! ಗಾಡಿ ಬಿಟ್ಟ ಬಾಣದ ಹಾಗೆ ನೇರವಾಗಿ ನಮ್ಮ ಮನೆ ಬಾಗಿಲಿಗೇ ಹೋಯಿತು. ಅಕ್ಕ ಗುಬ್ಬಿಯ ಕೈ ಹಿಡಿದು ಹಿಂದೆ ಬಂದರು. ದಾರಿಯುದ್ದಕ್ಕೂ ನಾನು ತಲೆ ಎತ್ತಿಯೇ ನಡೆದೆ. "ನೋಡಿ ಅಕ್ಕ, ಒಬ್ಬಳೇ ತಳ್ತಾ ಇದೀನಿ!" ಎಂದು ಎರಡೆರಡು ಸಲ ಹೇಳಿದೆ.

ಖಾಲಿ ಸೂಟ್‌ಕೇಸ್ ಯಾಕೆ ಗುಬ್ಬಿಯಷ್ಟು ಭಾರವಿದೆ ಎಂದು ನನಗೂ ಹೊಳೆಯಲಿಲ್ಲ, ಊರಿಗೆಲ್ಲ ತೂಕ ಹೇಳುವವರಿಗೂ ಹೊಳೆಯಲಿಲ್ಲ.

ಹಾಲ್‌ನಲ್ಲಿ ಅಕ್ಕ ಸೂಟ್‌ಕೇಸ್ ಬಿಚ್ಚಿದರು. ಒಳಗೆ ಅವರ ಬಟ್ಟೆಗಳು, ಅವರ ದಿಂಬು, ಅವರ ಅಲಾರಂ ಗಡಿಯಾರ. ಎಲ್ಲಕ್ಕಿಂತ ಮೇಲೆ ಹಾಸ್ಟೆಲಿನಲ್ಲಿ ಊದುತ್ತಿದ್ದ ಸೀಟಿ.

"ಅಕ್ಕ, ಗುಬ್ಬೀನ ಕರ್ಕೊಂಡು ಹೋಗಲ್ವಾ?"

"ತಾಯಿ ಮಗೂನ ಅಗಲಿಸೋಕೆ ನಾನೇನು ರಾಕ್ಷಸೀನಾ? ಆಮೇಲೆ ಯೋಚನೆ ಮಾಡಿದೆ. ಅವಳು ಇಲ್ಲೇ ಇರ್ಲಿ. ನಾನೇ ಬಂದ್ಬಿಟ್ಟೆ."

ಗುಬ್ಬಿ ಓಡಿ ಬಂದು ನನ್ನ ಕಿವಿ ಹಿಡಿದುಕೊಂಡಳು. ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಮರುಕ್ಷಣವೇ ಆ ಅಲಾರಂ ಗಡಿಯಾರ ಕಣ್ಣಿಗೆ ಬಿತ್ತು.

"ಎಷ್ಟು... ಎಷ್ಟು ದಿನ ಇರ್ತೀರಿ ಅಕ್ಕ?"

ಅಕ್ಕ ಗಾಡಿಯ ಬುಟ್ಟಿಯಿಂದ ತೂಕದ ಕಲ್ಲೊಂದನ್ನು ಬಿಚ್ಚಿ ತಮ್ಮನ ಕೈಗಿಟ್ಟರು.

"ಪಾಪು ಗುಬ್ಬಿಯಷ್ಟು ತೂಕ ಆಗೋವರೆಗೆ."