ಸೊಂಡಿಲಿನ ಬಾಲ ಹಿಡಿದವನು

ಸುಳ್ಳು ಅಂತೀರಾ? ಅನ್ನಿ. ಅಂದವರು ಒಮ್ಮೆ ನನ್ನ ಜೊತೆ ಮುಂಬೈಯ ಯಾವುದಾದರೂ ಹಳೇ ಬಿಲ್ಡಿಂಗಿಗೆ ಬಂದು, ಗೋಡೆಯ ತೂತಿಗೆ ಕಣ್ಣಿಟ್ಟು ನೋಡಿ, ಆಮೇಲೆ ಮಾತಾಡೋಣ. ನಮ್ಮ ಕೆಲಸದಲ್ಲಿ ಎದೆ ಝಲ್ಲೆನ್ನದ ದಿನವೇ ಇಲ್ಲ. ಝಲ್ಲೆಂದ ಮೇಲೆ ಊರೆಲ್ಲ ನಗದ ದಿನವೂ ಇಲ್ಲ.

ಗೋರೆಗಾಂವ್‌ನ ಒಂದು ಶೆಡ್ಡಿನಲ್ಲಿ ನಾವು ರೋಬೋಟ್ ಮಾಡುತ್ತೇವೆ. ಸಿನಿಮಾದಲ್ಲಿ ಬರುವ ಕೈಕಾಲಿನದಲ್ಲ. ಆನೆಯ ಸೊಂಡಿಲಿನ ಹಾಗೆ ಎತ್ತ ಬೇಕಾದರೂ ಬಾಗುವ ಉದ್ದನೆಯ ರಬ್ಬರ್ ಯಂತ್ರ. ಮನುಷ್ಯ ಹೋಗಲಾರದ ಸಂದಿಗೆ ನುಗ್ಗಿ, ತುದಿಯ ಕ್ಯಾಮೆರಾದಿಂದ ಸೋರುವ ಜಾಗ ಹುಡುಕಿ, ಅಲ್ಲೇ ತೇಪೆ ಹಚ್ಚುತ್ತದೆ. ನಾವು ಸೊಂಡಿಲು ಎಂದೇ ಕರೆಯುತ್ತೇವೆ. ಜಾಯ್‌ಸ್ಟಿಕ್ ಹಿಡಿದು ನಡೆಸುವವರು ಮೈಸೂರಿನ ಎಂಜಿನಿಯರ್ ಮೇಡಂ. ಹಿಂದೆ ನಿಂತು ಕೇಬಲ್ ಬಿಡುವವನು ಇಂಡಿ ತಾಲೂಕಿನ ನಾನು. ನಮ್ಮೂರಲ್ಲಿ ಧೈರ್ಯ ಅಂದರೆ ನನ್ನ ಮನೆ ತೋರಿಸುತ್ತಾರೆ. ಅಂಥವನನ್ನು ಟ್ರಯಲ್ ಮೇಲೆ ಇಟ್ಟಿದ್ದರು! ಪಾಸಾದರೆ ಪರ್ಮನೆಂಟ್, ಇಲ್ಲದಿದ್ದರೆ ವಿಜಯಪುರದ ಬಸ್ಸು. ನನ್ನ ಕಣ್ಣು ಮಾತ್ರ ಆ ಜಾಯ್‌ಸ್ಟಿಕ್ ಮೇಲೆ.

ಮಲಾಡಿನ ಪ್ರಾಣಿ

ಮಲಾಡಿನ ಒಂದು ಸೊಸೈಟಿಯಲ್ಲಿ ಗೋಡೆಯೊಳಗೆ ನೀರು ಸೋರುತ್ತಿತ್ತು. ಸೊಂಡಿಲು ಒಳಗೆ ಹೋಯಿತು. ಸೊಸೈಟಿಯ ಸೆಕ್ರೆಟರಿ ಸ್ಕ್ರೀನಿಗೆ ಮೂಗು ತಾಗಿಸಿ ಕೂತಿದ್ದರು. ಇದ್ದಕ್ಕಿದ್ದಂತೆ ಕಪ್ಪಗೆ, ಮುಂಗೈ ಗಾತ್ರದ್ದು ಏನೋ ಹೊರಳಿತು.

"ಅರೇ ಬಾಪ್‌ರೇ! ಸಾಂಪ್!" ಎಂದು ಸೆಕ್ರೆಟರಿ ಕುರ್ಚಿ ಹತ್ತಿದರು.

ಮೇಡಂ ಸೊಂಡಿಲನ್ನು ಮುಂದೆ ಬಿಟ್ಟರೆ ಅದೂ ಓಡುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಜಾಗ್ರತೆಗೆಂದು ನಾನು ಕೇಬಲ್ ಹಿಂದಕ್ಕೆಳೆದೆ. ಆ ಕರೀ ಪ್ರಾಣಿ ಸರ್ರನೆ ಸರಿದು ಹೋಯಿತು. ನಾನೂ ಕುರ್ಚಿ ಹತ್ತಿದೆ. ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಹಾವು ಹಿಡಿಯುವವನನ್ನು ಕರೆಸಿದರು. ಅವನು ಸ್ಕ್ರೀನ್ ನೋಡಿದ, ನನ್ನನ್ನು ನೋಡಿದ. "ಭಾವೂ, ಆ ಕೇಬಲ್ ಅಲ್ಲಾಡಿಸು," ಅಂದ. ಅಲ್ಲಾಡಿಸಿದೆ. ಒಳಗೆ ಹಾವೂ ಅಲ್ಲಾಡಿತು. ಸೊಂಡಿಲು ಒಳಗೆಲ್ಲೋ ಪೂರ್ತಿ ಸುತ್ತು ತಿರುಗಿ ತನ್ನ ಬಾಲವನ್ನೇ ನೋಡುತ್ತಿತ್ತು.

ಅವನು ಚೀಲ ಮಡಚಿಕೊಂಡ. "ನಾನೇನು ಹಿಡೀಲಿ? ಬಾಲ ಆಗಲೇ ನಿನ್ನ ಕೈಯಲ್ಲಿದೆ!"

ಸಯನ್‌ನ ತೇಪೆ

ಸಯನ್‌ನಲ್ಲಿ ಧಾರವಾಡದವರ ಮನೆ. ಅಡಿಗೆಮನೆಯ ಪೈಪಿಗೆ ಸೊಂಡಿಲು ಬಿಟ್ಟಿದ್ದೆವು. ಮನೆಯ ಅಜ್ಜಿ ದೂರ ನಿಂತೇ ಕೇಳಿದರು: "ಇದು ಕಡೀತೈತೇನೋ ತಮ್ಮಾ?"

"ಏ, ನಾ ಹೇಳಿಧಂಗ ಕೇಳತೈತ್ರೀ ಅಜ್ಜಿ. ನೋಡ್ರಿಲ್ಲೆ," ಎಂದು ಪೈಪಿನ ಬಾಯಿಗೆ ಬೆರಳಿಟ್ಟೆ.

ಸೊಂಡಿಲಿನ ಗುಣ ಏನೆಂದರೆ, ಒದ್ದೆ ಜಾಗ ಸಿಕ್ಕರೆ ತೇಪೆ ಒತ್ತಿ, ಅಂಟು ಒಣಗುವವರೆಗೆ ಹಿಡಿದುಕೊಂಡೇ ಇರುತ್ತದೆ. ನನ್ನ ಬೆರಳು ಒದ್ದೆಯಾಗಿತ್ತು.

"ಮೇಡಂ, ಬಿಡಸ್ರೀ!"

"ಈಗ ಎಳೆದ್ರೆ ಚರ್ಮಾನೂ ಬರುತ್ತೆ ಕಣೋ. ಒಣಗಲಿ, ಸುಮ್ನಿರು."

ಕೈ ಹೋಯಿತೆಂದೇ ತಿಳಿದೆ. ಎಡಗೈಯಲ್ಲಿ ಜಾಯ್‌ಸ್ಟಿಕ್ ನಡೆಸಲು ಬರುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ. ನನ್ನ ಬೆವರು ನೋಡಲಾಗದೆ ಅಜ್ಜಿ ಪಕ್ಕದಲ್ಲಿ ಕೂತು ಉಪ್ಪಿಟ್ಟು ತಿನ್ನಿಸಿದರು. ಕೊನೆಗೊಮ್ಮೆ ಬಿಟ್ಟಿತು. ಬೆರಳಿನ ಸುತ್ತ ಕರೀ ರಬ್ಬರಿನ ತೇಪೆ. ಅಜ್ಜಿ ಅದನ್ನು ಒತ್ತಿ ನೋಡಿದರು.

"ಛಲೋ ಕೂತೈತಿ. ಇನ್ನ ಈ ಬೆರಳ ಜನ್ಮದಾಗ ಸೋರಂಗಿಲ್ಲ ಬಿಡು."

ನಮ್ಮದೇ ಶೆಡ್ಡಿನ ಡಕ್ಟು

ನನ್ನ ಟ್ರಯಲ್ ಮುಗಿಯುವ ವಾರ ದೊಡ್ಡ ಗಿರಾಕಿಯೊಬ್ಬರು ಯಂತ್ರ ನೋಡಲು ಶೆಡ್ಡಿಗೆ ಬಂದರು. ಪ್ರಯೋಗಕ್ಕೆಂದು ಕಟ್ಟಿದ ಎಸಿ ಡಕ್ಟಿನ, ಅಂದರೆ ಗಾಳಿ ಹಾಯುವ ತಗಡಿನ ಕೊಳವೆಯ, ಒಳಗೆ ಎರಡನೇ ತಿರುವಿನಲ್ಲಿ, ಸೊಂಡಿಲು ಸಿಕ್ಕಿಕೊಂಡಿತು. ನಮ್ಮ ಮರಾಠಿ ಸಾಹೇಬರ ಮುಖ ಬಿಳಿಚಿತು. ಇದಕ್ಕಿಂತ ಒಳ್ಳೆ ಗಳಿಗೆ ಎಲ್ಲಿ ಸಿಗಬೇಕು? "ನಾ ಹೋಗ್ತೀನ್ರೀ. ಕಣ್ ಮುಚ್ಚಿ ಬಾವಿ ಇಳದಾಂವ ನಾ," ಎಂದವನೇ, ಯಾರೂ ಬೇಡ ಅನ್ನುವ ಮೊದಲು ತಲೆ ತೂರಿಸಿದೆ.

ಮೊದಲ ತಿರುವು ದಾಟಿದೆ. ಎರಡನೆಯದರಲ್ಲಿ ಹೆಗಲು ಕಚ್ಚಿಕೊಂಡಿತು. ಸೊಂಡಿಲು ಬಾಗುತ್ತದೆ, ಇಂಡಿ ತಾಲೂಕಿನ ಎಲುಬು ಬಾಗುವುದಿಲ್ಲ. ಮುಂದಿಲ್ಲ, ಹಿಂದಿಲ್ಲ. ಸೊಂಡಿಲಿನ ತುದಿಯ ದೀಪವೂ ಆರಿತು. ಉಸಿರೆಳೆದರೆ ತಗಡು ಎದೆ ಒತ್ತುತ್ತಿತ್ತು. ಆ ಕತ್ತಲಲ್ಲಿ ನನ್ನ ಎದೆಬಡಿತವೇ ಯಾರೋ ಹೊರಗಿನಿಂದ ಗುದ್ದಿದ ಹಾಗೆ ಕೇಳುತ್ತಿತ್ತು.

"ಯವ್ವಾ! ಹಣಮಪ್ಪಾ! ಹೊರಗ ತಗಿಯೋ, ಶನಿವಾರ ಉಪಾಸ ಮಾಡ್ತೀನಿ! ಸೋಮವಾರನೂ ಮಾಡ್ತೀನಿ! ಜಾಯ್‌ಸ್ಟಿಕ್ ಬ್ಯಾಡ, ಮುಂಬೈ ಬ್ಯಾಡ, ಎಮ್ಮಿ ಕಾಯ್ತೀನಿ!"

ಅಷ್ಟರಲ್ಲಿ ಸೊಂಡಿಲು ಮಿಸುಕಿ ನನ್ನ ಕುತ್ತಿಗೆಗೆ ತಣ್ಣಗೆ ತಾಗಿತು. ಹೊರಗೆ ಮೇಡಂ ಅದನ್ನು ಬಿಡಿಸಲು ನೋಡುತ್ತಿದ್ದರು.

"ನಿಲ್ಲಸ್ರೀ! ಸತ್ತೆ! ನಿಲ್ಲಸ್ರೀ!"

ನಿಂತಿತು. ತಗಡು ಬಿಚ್ಚಿ ನನ್ನನ್ನು ಎಳೆದು ಹಾಕಿದರು. ನೋಡಿದರೆ, ತಿರುವಿನ ತಗಡಿನ ಅಂಚು ಸೊಂಡಿಲಿನ ರಬ್ಬರನ್ನು ಅರ್ಧ ಕೊಯ್ದಿತ್ತು. ಇನ್ನೊಂದು ಸಲ ಒತ್ತಿದ್ದರೆ ಎರಡು ತುಂಡು.

ಗಿರಾಕಿ ನಗುತ್ತ ನನ್ನ ಬೆನ್ನು ತಟ್ಟಿದರು. "ಮೈಕು ಫಸ್ಟ್ ಕ್ಲಾಸ್ ಇದೆ. ಉಪವಾಸ ಯಾವ್ಯಾವ ವಾರ ಅಂತಾನೂ ಕೇಳಿಸಿತು."

ಸೊಂಡಿಲಿನ ತುದಿಯಲ್ಲಿ ಮೈಕಿತ್ತು. ಹೊರಗೆ ಸ್ಪೀಕರ್. ಇಡೀ ಶೆಡ್ಡು ನಿಂತು ಕೇಳಿತ್ತು.

ಬಸ್ಸೇ ಗತಿ ಎಂದುಕೊಂಡೆ. ಸಾಹೇಬರು ಹತ್ತಿರ ಕರೆದರು.

"ಧೈರ್ಯದವರೆಲ್ಲ ಒತ್ತುತ್ತಲೇ ಇರ್ತಾರೆ, ಮಷೀನ್ ಹಾಳಾಗೋತನಕ. ನನಗೆ ಹೆದರೋನೊಬ್ಬ ಬೇಕು. ನಿನ್ನಷ್ಟು ಚೆನ್ನಾಗಿ ಹೆದರೋನನ್ನ ನಾನು ನೋಡೇ ಇಲ್ಲ."

"ನಾ ಹೆದರಿಲ್ರೀ ಸಾಹೇಬ್ರ."

"ಎಲ್ಲ ರೆಕಾರ್ಡ್ ಆಗಿದೆ. ಹಾಕಲಾ?"

ನಾನು ಕೇಬಲ್ ಸುತ್ತತೊಡಗಿದೆ. ಪರ್ಮನೆಂಟ್ ಮಾಡಿದರು. ಜಾಯ್‌ಸ್ಟಿಕ್ ಮೇಡಂ ಬಳಿಯೇ ಇದೆ. ನನಗೆ ಕೊಟ್ಟದ್ದು ಯಂತ್ರ ನಿಲ್ಲಿಸುವ ಕೆಂಪು ಬಟನ್.