ಅವ್ವನ ಗಾಡಿಯ ಮುಂದಿನ ಗಾಲಿ

ನಮ್ಮ ಮನೆಯಲ್ಲಿ ಯಾವ ಸಾಮಾನೂ ಸುಮ್ಮನೆ ಕೆಟ್ಟಿದ್ದಿಲ್ಲ. ನಾಲ್ಕು ಜನರನ್ನು ನಗಿಸಿ, ನಾಲ್ಕು ಜನರಿಂದ ನನಗೆ ಬೈಗುಳ ತಿನ್ನಿಸಿ, ನನ್ನ ಒಂದೆರಡು ರಜೆ ನುಂಗಿ ಆಮೇಲೆಯೇ ಕೆಡುತ್ತಿದ್ದವು. ಸ್ಟೋವ್ ಹಾಗೇ, ರೇಡಿಯೋ ಹಾಗೇ. ಆದರೆ ಅವ್ವನ ಗಾಲಿಕುರ್ಚಿ ನಮ್ಮನ್ನು ಕುಣಿಸಿದಷ್ಟು ಇನ್ಯಾವುದೂ ಕುಣಿಸಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ನಗುತ್ತ ನಗುತ್ತ ಅಳುವೂ ಬರುತ್ತದೆ. ಯಾಕೆಂದರೆ ಆ ಕುರ್ಚಿಯೂ ಇಲ್ಲ, ಅದರಲ್ಲಿ ಕೂತವಳೂ ಇಲ್ಲ.

ಎಪ್ಪತ್ತರ ದಶಕದ ಆರಂಭದ ಮಾತು. ಮುಂಬಯಿಯ ಘಾಟ್ಕೋಪರಿನ ಚಾಳೊಂದರ ಮೊದಲ ಮಾಳಿಗೆಯಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ನಾನು ಫೋರ್ಟ್ ಕಡೆಯ ಕಂಪನಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಅವ್ವ ಧಾರವಾಡದ ಹೆಣ್ಣು, ಬಾಯಿ ಗಟ್ಟಿ. ಆದರೆ ಸಂಧಿವಾತದಿಂದ ಎರಡೂ ಕಾಲು ಸೋತು ಎರಡು ವರ್ಷ ಖೋಲಿಯೊಳಗೇ ಗೋಡೆ ನೋಡುತ್ತ ಕೂತಿದ್ದಳು. ಹೊರಗೆ ಹನ್ನೆರಡು ಖೋಲಿಗಳ ಉದ್ದಕ್ಕೂ ಗ್ಯಾಲರಿ. ಅದರ ತುದಿಗೆ ನಲ್ಲಿ. ಚಾಳಿನ ಸುದ್ದಿಯೆಲ್ಲ ಹುಟ್ಟುತ್ತಿದ್ದುದು ಆ ನಲ್ಲಿಯ ಹತ್ತಿರ. ಯಾರ ಹಂಗೂ ಇಲ್ಲದೆ ಆ ನಲ್ಲಿಯ ತನಕ ಹೋಗಿ ಬರಬೇಕು, ಅವ್ವನಿಗೆ ಬೇಕಾಗಿದ್ದದ್ದು ಅಷ್ಟೇ.

ಕುರ್ಚಿ ಎಲ್ಲಿ ಇಳಿಯುತ್ತದೆ?

ಕುರ್ಚಿ ಕೊಂಡದ್ದು ನನ್ನ ಆಫೀಸಿನ ಹತ್ತಿರದ ಅಂಗಡಿಯಲ್ಲಿ. ಸೇಠ್ ಬಹಳ ನಯದ ಮನುಷ್ಯ. "ಎರಡು ವರ್ಷ ಗ್ಯಾರಂಟಿ ಬೆಹೆನ್‌ಜಿ. ಏನಾದರೂ ಆದರೆ ಒಂದು ಫೋನ್ ಮಾಡಿ, ನಮ್ಮ ಮನುಷ್ಯ ಓಡಿ ಬರ್ತಾನೆ" ಅಂದ. ಮಡಚಲಿಕ್ಕೂ ಬರುತ್ತದೆ ಅಂದಿದ್ದ. ವಿ.ಟಿ. ಸ್ಟೇಷನ್ನಿಗೆ ತಂದು ನಾನೂ ಹಮಾಲನೂ ಜಗ್ಗಾಡಿದೆವು, ಅದು ಮಡಚಲಿಲ್ಲ. ಹಾಗೇ ಲಗೇಜ್ ಡಬ್ಬಿಗೆ ಏರಿಸಿದೆವು.

ಮುಂಬಯಿಯ ಲೋಕಲ್‌ನಲ್ಲಿ ಕುರ್ಚಿಯೊಂದು ಖಾಲಿ ಕಂಡರೆ ಜನ ಬಿಡುತ್ತಾರೆಯೇ? ಬ್ರೇಕು ಹಾಕಿ ನಾನು ಸೆರಗು ಸರಿಮಾಡಿಕೊಳ್ಳುವುದರೊಳಗೆ ಹಾಲಿನ ಕ್ಯಾನಿನವನೊಬ್ಬ ಅದರಲ್ಲಿ ಕೂತು ಕಣ್ಣು ಮುಚ್ಚಿಬಿಟ್ಟ. ದಾದರಿನಲ್ಲಿ ಹತ್ತಿದ ಇನ್ನೊಬ್ಬ, ಲೋಕಲ್‌ನಲ್ಲಿ ಎಲ್ಲರೂ ಸೀಟು ಹಿಡಿದಿಡಲು ಕೇಳುವಂತೆ, ಅವನ ಭುಜ ತಟ್ಟಿ ಕೇಳಿದ: "ಎಲ್ಲಿ ಇಳೀತೀರಿ?"

"ಠಾಣೆ" ಅಂದ ಹಾಲಿನವ, ಕಣ್ಣು ತೆರೆಯದೆ.

"ನೀವು ಠಾಣೆಯಲ್ಲಿ ಇಳೀರಿ, ಭಾವು" ಅಂದೆ ನಾನು. "ಕುರ್ಚಿ ಘಾಟ್ಕೋಪರಿನಲ್ಲಿ ಇಳಿಯುತ್ತದೆ."

ಲಿಂಬೆಹಣ್ಣು

ಕುರ್ಚಿ ಬಂದ ಮೇಲೆ ಅವ್ವ ಅದಕ್ಕೆ ಗಾಡಿ ಅಂತ ಹೆಸರಿಟ್ಟಳು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಗಾಡಿ ಹೊರಟಿತೆಂದರೆ ಹನ್ನೆರಡು ಬಾಗಿಲಲ್ಲೂ ನಿಂತು ನಲ್ಲಿ ಮುಟ್ಟಲು ಒಂದು ತಾಸು. ಯಾರ ಬಕೆಟ್ಟು ಪಾಳಿ ಬಿಟ್ಟು ಮುಂದೆ ಬಂದಿದೆ ಎಂದು ಅಲ್ಲಿ ಕೂತು ತೀರ್ಪು ಕೊಡುವವಳೂ ಅವಳೇ. ಮೊದಲ ಸಂಕ್ರಾಂತಿಗೆ ತಾನೇ ಗಾಡಿ ತಳ್ಳಿಕೊಂಡು ಹೋಗಿ ಹನ್ನೆರಡೂ ಮನೆಗೆ ಕುಸುರೆಳ್ಳು ಬೀರಿ ಬಂದಳು. ಅವತ್ತು ಅವಳ ಮುಖ ನೋಡಬೇಕಿತ್ತು.

ದಸರೆ ಬಂತು. "ಗಾಡಿಗೆ ಪೂಜಿ ಆಗಬೇಕು" ಅಂದಳು ಅವ್ವ.

"ಅವ್ವಾ, ಅದು ಕುರ್ಚಿ."

"ಗಾಲಿ ಅದಾವಿಲ್ಲ? ಮತ್ತ!"

ಮೇಲಿನ ಮಾಳಿಗೆಯಲ್ಲಿ ಬಿಜಾಪುರದ ಕಡೆಯ ಫಿಟರ್ ಮಾಮಾ ಇದ್ದರು, ಮಿಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ. ಅವರೇ ಪುರೋಹಿತರು. ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಮುಂದಿನ ಎರಡು ಸಣ್ಣ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಅದು ಲಾರಿಯ ಶಾಸ್ತ್ರ. ಲಾರಿಯ ಗಾಲಿ ಎಲ್ಲಿ, ನಮ್ಮ ಗಾಡಿಯ ಅಂಗೈಯಗಲದ ಗಾಲಿ ಎಲ್ಲಿ! ಅವ್ವನನ್ನು ಕೂರಿಸಿ ಮೂರು ಜನ ಜೈಕಾರ ಹಾಕಿ ತಳ್ಳಿದರು. ಗಾಡಿ ಕದಲಲಿಲ್ಲ. "ಇನ್ನೂ ಜೋರ ಹಚ್ಚರಿ!" ಅಂತ ಅವ್ವ ಕೂತಲ್ಲಿಂದಲೇ ಹುರಿದುಂಬಿಸಿದಳು. ಜೋರು ಹಚ್ಚಿದರು. ಟಣ್ ಎಂದಿತು. ಎಡಗಡೆಯ ಗಾಲಿ ಬೋಲ್ಟು ಸಮೇತ ಮುರಿದು, ಗ್ಯಾಲರಿಯ ಕಟಾಂಜನದ ಸಂದಿಯಿಂದ ಹಾರಿ ಕೆಳಗಿನ ಗಟಾರಕ್ಕೆ ಬಿತ್ತು.

ದೃಷ್ಟಿ ಹೋಗಲಿ ಅಂತ ಮಾಡಿದ ಪೂಜೆಗೆ ಗಾಲಿಯೇ ಹೋಯಿತು. ಲಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮರುದಿನ ಅವ್ವ ಅದರದೇ ಚಿತ್ರಾನ್ನ ಮಾಡಿಸಿದಳು. "ಗಟ್ಟಿ ಹಣ್ಣ ನೋಡು" ಅಂತ ಮೆಚ್ಚಿಕೊಂಡು ತಿಂದಳು ಬೇರೆ.

ಸೇಠ್ ಊರಲ್ಲಿಲ್ಲ

ಗ್ಯಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಮರುದಿನವೇ ಫೋನ್ ಮಾಡಿದೆ. ಮೊದಲ ಸಲ ಸೇಠ್ ಖುದ್ದು ಮಾತಾಡಿದ, "ಸೋಮವಾರ ಮನುಷ್ಯ ಬರ್ತಾನೆ" ಅಂದ. ಸೋಮವಾರ ಬಂತು, ಮನುಷ್ಯ ಬರಲಿಲ್ಲ. ಆಮೇಲೆ ಫೋನ್ ಮಾಡಿದಾಗಲೆಲ್ಲ "ಸೇಠ್ ಊರಲ್ಲಿಲ್ಲ" ಎಂಬ ಉತ್ತರ. ಆಫೀಸು ಬಿಟ್ಟ ಮೇಲೆ ಅಂಗಡಿಗೇ ಹೋದರೆ, ನನ್ನ ಸೀರೆ ದೂರದಲ್ಲಿ ಕಂಡಕೂಡಲೇ ಒಳಗಿನ ಕೋಣೆ ಸೇರುತ್ತಿದ್ದ. ಆ ಅಳತೆಯ ಗಾಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಚೋರ್ ಬಜಾರಿನ ತನಕ ಅಲೆದದ್ದಾಯಿತು.

ಇತ್ತ ಅವ್ವ ಮತ್ತೆ ಖೋಲಿಯೊಳಗೆ. ನಲ್ಲಿಯ ಹತ್ತಿರ ಜಗಳದ ದನಿ ಕೇಳಿಸಿದರೆ ಕುತ್ತಿಗೆ ಚಾಚುವಳು, ಪೂರ್ತಿ ಕೇಳಿಸದೆ ಚಡಪಡಿಸುವಳು. "ಯಾರ ತಪ್ಪಂತ ಕೇಳಿ ಬಾರವ್ವಾ" ಅಂತ ನನ್ನನ್ನು ಕಳಿಸುವಳು.

ನಾನು ದಿನಕ್ಕೆ ನೂರು ದನಿ ಕೇಳುವ ಆಪರೇಟರ್. ಫೋನೆತ್ತಿ "ಸೇಠ್ ಇಲ್ಲ" ಎನ್ನುವ ದನಿ ಸಾಕ್ಷಾತ್ ಸೇಠನದೇ ಅಂತ ನನಗೆ ಗೊತ್ತಾಗದೆ ಇದ್ದೀತೇ? ಆದರೂ ಮರ್ಯಾದೆಗೆ ಸುಮ್ಮನಿದ್ದೆ. ಒಂದು ದಿನ ಸೂರತ್‌ಗೆ ಹೋಗಿದ್ದಾರೆ ಅಂದ. ಇನ್ನೊಂದು ದಿನ ರಾಜಕೋಟ್. ಆಮೇಲೆ ಪುಣೆ. ಐದನೆಯ ಸಲ ತಾಳ್ಮೆ ತಪ್ಪಿ ಕೇಳಿದೆ, "ಈ ಸಲ ಸೇಠ್ ಎಲ್ಲಿಗೆ ಹೋಗಿದ್ದಾರೆ?"

ಆಚೆ ಕಡೆಯಿಂದ ಅದೇ ನಯವಾದ ದನಿ ಕೇಳಿತು: "ಕಳೆದ ಸಲ ನಾನು ಯಾವ ಊರು ಅಂದಿದ್ದೆ, ಬೆಹೆನ್‌ಜಿ?"

ಎಡಕ್ಕೆ ಎಳೆಯುವ ಗಾಡಿ

ಕಡೆಗೆ ಫಿಟರ್ ಮಾಮಾ ತಾವೇ ಟೊಂಕ ಕಟ್ಟಿದರು. ಲಿಂಬೆಹಣ್ಣು ಇಟ್ಟವರು ತಾವೇ ಎಂಬ ಅಳುಕು ಅವರಿಗಿತ್ತು. ಮಕ್ಕಳು ನಡಿಗೆ ಕಲಿಯುವ ಮರದ ಗಾಡಿಯೊಂದರ ಗಾಲಿ ತಂದು, ಎರಡು ಭಾನುವಾರ ಕೆತ್ತಿ, ಬಡಿದು ಕೂರಿಸಿದರು. ಅದು ಒಂದು ಬೆರಳಷ್ಟು ಗಿಡ್ಡ. ಹೀಗಾಗಿ ಗಾಡಿ ನೆಟ್ಟಗೆ ಹೋಗದು, ಎಡಕ್ಕೇ ಎಳೆಯುವುದು.

ಎಡಕ್ಕೆ ಮೊದಲ ಬಾಗಿಲು ಮರಾಠಿ ಕಾಕೂದು. ಪಕ್ಕದ ಖೋಲಿಯ ಆ ಚಿಕ್ಕಮ್ಮನನ್ನು ಚಾಳೆಲ್ಲ ಕಾಕೂ ಅಂತಲೇ ಕರೆಯುತ್ತಿತ್ತು. ಅವರಿಗೂ ಅವ್ವನಿಗೂ ನೀರಿನ ಪಾಳಿಯ ಮೇಲೆ ಜಗಳವಾಗಿ ಎಂಟು ತಿಂಗಳಿಂದ ಮಾತಿರಲಿಲ್ಲ. ಅವ್ವ ಅವರ ಬಾಗಿಲಿಗೆ ಬಂದರೆ ಮೋರೆ ತಿರುಗಿಸಿಕೊಂಡೇ ದಾಟುತ್ತಿದ್ದಳು. ಅವತ್ತೂ ಹಾಗೇ ಮೋರೆ ತಿರುಗಿಸಿ ಗಾಲಿ ತಳ್ಳಿದಳು. ಗಾಡಿ ಮಾತ್ರ ನೇರ ಕಾಕೂ ಮನೆ ಹೊಕ್ಕು, ಅವರ ಒಲೆಯ ಮುಂದೆ ಹೋಗಿ ನಿಂತಿತು. ಹಿಂದಕ್ಕೆ ಬರಲೊಲ್ಲದು. ಕಾಕೂ ಸೌಟು ಹಿಡಿದು ನಿಂತಿದ್ದಾರೆ, ಅವ್ವ ಸೂರು ನೋಡುತ್ತ ಕೂತಿದ್ದಾಳೆ. ನಾನು ಬಾಗಿಲಲ್ಲಿ ನಿಂತಿದ್ದೇನೆ.

ಅವ್ವನೇ ಬಾಯಿ ಬಿಟ್ಟಳು. "ನಾ ಏನ್ ನಿಮ್ಮ ಮನಿಗೆ ಬಂದಿಲ್ಲ. ಗಾಡಿ ಬಂದೈತಿ."

ಕಾಕೂಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಸೌಟು ಕೆಳಗಿಟ್ಟು ಕೇಳಿದರು: "ಹೌದಾ? ಮತ್ತ ಚಹಾ ಗಾಡಿಗೆ ಕೊಡೂದಾ?"

ಸಂಕ್ರಾಂತಿಯ ಸವಾರಿ

ಮರದ ಗಾಲಿ ಒಂದು ವಾರಕ್ಕೆ ಸೀಳಿತು. ಸಂಕ್ರಾಂತಿ ಹತ್ತಿರ ಬಂತು. ಅವ್ವ ಕುಸುರೆಳ್ಳು ಮಾಡಿಟ್ಟಳು, ಆದರೆ ಮೋರೆಯ ಮೇಲೆ ಗೆಲುವಿಲ್ಲ.

"ಬಿಡವ್ವಾ, ಈ ಸಲ ಎಲ್ಲಾರೂ ನಿನ್ನ ಬಾಗಿಲಿಗೇ ಬರ್ತಾರ" ಅಂದೆ.

"ಬರ್ತಾರ. ಬಂದು 'ಪಾಪ' ಅಂತಾರ. ನನಗ ಎಳ್ಳು ಬೇಕು, ಅವರ ಪಾಪ ಬ್ಯಾಡ." ಅಷ್ಟು ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಒಮ್ಮೆಲೇ ನೆಟ್ಟಗೆ ಕೂತಳು. "ಹಬ್ಬದ ದಿನ ನೀ ರಜಾ ಹಾಕು. ನಾನ ಹೋಗಿ ಆ ಸೇಠನ್ನ ನೋಡ್ತೀನಿ."

ಹಬ್ಬದ ಬೆಳಿಗ್ಗೆ ಫಿಟರ್ ಮಾಮಾ ಮತ್ತು ಮೂರು ಜನ ಗಂಡಸರು ಅವ್ವನನ್ನು ಕುರ್ಚಿ ಸಮೇತ ಕೆಳಗಿಳಿಸಿದರು. ಕುರ್ಚಿ ಟ್ಯಾಕ್ಸಿಯ ಮೇಲೆ, ಅವ್ವ, ಕಾಕೂ, ನಾನು, ಮಾಮಾ ಒಳಗೆ. ಅಂಗಡಿಯ ಬಾಗಿಲಿಗೆ ಸರಿಯಾಗಿ, ಒಂದು ಬೆಕ್ಕೂ ದಾಟದಂತೆ ಕುರ್ಚಿ ಇಟ್ಟು ಅವ್ವನನ್ನು ಕೂರಿಸಿದೆವು. ಗಾಲಿ ಇಲ್ಲದ ಮೂಲೆಗೆ ಮಾಮಾ ಎರಡು ಇಟ್ಟಂಗಿ ಕೊಟ್ಟು, ತಾವು ಎದುರಿನ ಇರಾಣಿ ಹೋಟೆಲ್ಲಿನಲ್ಲಿ ಚಹಾಕ್ಕೆ ಹೋಗಿ ಕೂತರು.

ಸೇಠ್ ಹೊರಗೆ ಬಂದ. ಒಳಕೋಣೆಗೆ ಓಡಿದರೂ ಬಾಗಿಲಂತೂ ಒಂದೇ. "ಮಾಜಿ, ದಾರಿ ಬಿಡಿ, ಗಿರಾಕಿಗಳು ಬರಬೇಕು" ಅಂದ.

ಅವ್ವನ ಹಿಂದಿಯೆಂದರೆ ಧಾರವಾಡದ ಕನ್ನಡಕ್ಕೆ ಬಾಲ ಹಚ್ಚಿದ್ದು, ಗಾಲಿಗೆ ಮಾತ್ರ ಮರಾಠಿಯ 'ಚಾಕ'. "ಬಿಡತಾ ಹೈ ಬೇಟಾ, ಯಾಕ ಬಿಡತಾ ನಹೀ? ಚಾಕ ನಹೀ ಹೈ, ಕೈಸಾ ಸರಕನಾ? ಚಾಕ ಹಾಕೋ, ಈಗಿಂದೀಗ ಜಾತಾ ಹೈ."

ಗಾಲಿಯಿಲ್ಲದೆ ಅವಳು ಹೋಗುವಂತಿಲ್ಲ, ಅವಳು ಹೋಗದೆ ಗಿರಾಕಿ ಬರುವಂತಿಲ್ಲ. ಊರುಗೋಲು ಕೊಳ್ಳಲು ಬಂದ ಹಿರಿಯರೊಬ್ಬರು "ಅಂಗಡಿ ಹೇಗೆ?" ಅಂತ ಅವ್ವನನ್ನೇ ಕೇಳಿದರು. ಅವ್ವ ದಸರೆಯಿಂದ ಶುರು ಮಾಡಿ, ಸೂರತ್, ರಾಜಕೋಟ್, ಪುಣೆ ಎಲ್ಲ ಸುತ್ತಿಸಿ ಹೇಳಿದಳು. ಅವರು ಸೇಠನ ಕಡೆ ಒಮ್ಮೆ ನೋಡಿ ಹೊರಟುಹೋದರು. ಆಗ ಮುಂಬಯಿಯ ಹೆಂಗಸರು ತುಟ್ಟಿ ಕಾಲದ ವಿರುದ್ಧ ತಟ್ಟೆಗೆ ಲಟ್ಟಣಿಗೆ ಬಡಿಯುತ್ತ ಮೋರ್ಚಾ ಹೋಗುತ್ತಿದ್ದ ಕಾಲ. ಅಷ್ಟರಲ್ಲಿ ಕಾಕೂ ಚೀಲದಿಂದ ಒಂದು ಸ್ಟೀಲ್ ತಟ್ಟೆ ಹೊರಗೆ ತೆಗೆದರು. ಸೇಠನ ಮುಖ ಬಿಳುಪೇರಿತು. ಪಾಪ, ಕಾಕೂ ತೆಗೆದದ್ದು ಹಸಿ ಬಟಾಣಿ ಸುಲಿಯುವುದಕ್ಕೆ.

ಅರ್ಧ ಕಿಲೋ ಬಟಾಣಿ ಮುಗಿಯುವ ಮೊದಲೇ ಸೇಠ್ ಅಂಗಡಿಯಲ್ಲಿ ತೋರಿಕೆಗೆ ಇಟ್ಟಿದ್ದ ಹೊಸ ಕುರ್ಚಿಯ ಗಾಲಿ ತಾನೇ ಬಿಚ್ಚಿ ತಂದ. ಮಾಮಾ ಚಹಾ ಬಿಟ್ಟು ಓಡಿ ಬಂದು ಕೂರಿಸಿದರು. ಅವ್ವ ಮುಂದೆ ಒಮ್ಮೆ, ಹಿಂದೆ ಒಮ್ಮೆ ಓಡಿಸಿ ನೋಡಿದಳು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ನನಗೆ ಅಲ್ಲೇ ರಸ್ತೆಯಲ್ಲಿ ಕುಣಿಯುವಷ್ಟು ಸಂತೋಷವಾಯಿತು.

ಅವ್ವ ಡಬ್ಬಿ ತೆಗೆದು ಸೇಠನ ಕೈಗೂ ಎಳ್ಳು ಹಾಕಿದಳು. ಎಳ್ಳು ತಗೊಂಡು ಸಿಹಿಯಾಗಿ ಮಾತಾಡು ಅಂತ ಅವತ್ತು ಮುಂಬಯಿಯಲ್ಲಿ ಎಲ್ಲರೂ ಎಲ್ಲರಿಗೂ ಹೇಳುವುದು ರೂಢಿ. ಕಾಕೂ ಮರಾಠಿಯಲ್ಲಿ ಹಾಗೇ ಹೇಳಿದರು. ಅವ್ವ ತಡೆದಳು. "ಸಿಹಿ ಒತ್ತಟ್ಟಿಗಿರಲಿ. ಫೋನ್ ಎತ್ತಿ ಬರೇ ಮಾತಾಡು ಅಂತ ಹೇಳ್ರಿ ಅವಗ, ಅಷ್ಟ ಸಾಕು."

ಸಂಜೆ ಅವ್ವ ಇಳಕಲ್ ಸೀರೆ ಉಟ್ಟು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗ್ಯಾಲರಿಗೆ ಇಳಿದಳು. ಹನ್ನೆರಡು ಬಾಗಿಲು. ಯಾರೂ ತಳ್ಳಬಾರದು ಅಂತ ಹುಕುಂ. ನಾನು ನಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ನಲ್ಲಿಯ ತನಕ ಹೋಗಿ, ಅಲ್ಲಿಂದ ತಿರುಗಿ ನನಗೆ ಕೈ ಬೀಸಿದಳು. ಆ ಕೈ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮರುವರ್ಷ ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಒಂದು ಪೋಸ್ಟ್‌ಕಾರ್ಡ್ ಬಂತು. ಸೇಠನದು, ಹಿಂದಿಯಲ್ಲಿ. ಅವ್ವನಿಗೆ ಓದಿ ಹೇಳಿದೆ: "ಮಾಜಿಗೆ ನಮಸ್ಕಾರ. ಗಾಲಿಗಳೆಲ್ಲ ಚೆನ್ನಾಗಿವೆಯೇ? ಏನಾದರೂ ಕೆಟ್ಟಿದ್ದರೆ ದಯವಿಟ್ಟು ಒಂದು ಫೋನ್ ಮಾಡಿಸಿ, ಅದೇ ದಿನ ನಮ್ಮ ಮನುಷ್ಯ ಬರುತ್ತಾನೆ. ತಾವು ಮಾತ್ರ ಬರುವ ತೊಂದರೆ ತೆಗೆದುಕೊಳ್ಳಬೇಡಿ."

ಅವ್ವ ಇನ್ನೊಂದು ಸಲ ಓದಿಸಿದಳು. ಅವಳ ಕಣ್ಣಲ್ಲಿ ನೀರು ಬಂದವು.

"ಅಂತೂ ಮಾತು ಬಂತಲ್ಲವ್ವಾ ಆ ಮೂಳಗ!" ಅಂದಳು. "ಇಷ್ಟ ಚಂದ ಮಾತಾಡಾಕ ಕಲತ ಮ್ಯಾಲ ಹೋಗದ ಇದ್ರ ಹೆಂಗ? ಹಬ್ಬದ ದಿನ ಟ್ಯಾಕ್ಸಿ ಹೇಳಿಡು. ಕಾಕೂಗೂ ಹೇಳು, ತಟ್ಟಿ ತರಲಿ."